ಬಸವಂತರಾಯರು ನಿಲ್ಲಿಸಿದ ಪ್ರಿಂಟರ್

ನನ್ನ ಬಾಯಿ ಜೋರು. ಮನೆಯವರೂ ಹೇಳುತ್ತಾರೆ, ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗಿನವರೂ ಹೇಳುತ್ತಾರೆ. ಈ ಬಾಯಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವರು ಬಸವಂತರಾಯರು. ಇವತ್ತು ನಾನು ತಲೆಯೆತ್ತಿ ಓಡಾಡುತ್ತಿದ್ದೇನೆ ಅಂದರೆ ಅದೂ ಅವರಿಂದಲೇ.

ಎಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಪವಾಯಿಯ ಒಂದು ಸಣ್ಣ ತಾಂತ್ರಿಕ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಆಪರೇಟರ್ ಆಗಿ ಸೇರಿದೆ. ಒಂದು ವರ್ಷ ಪ್ರೊಬೇಷನ್. ರಾಯರು ಕೆಳಗೆ ವಿದ್ಯಾರ್ಥಿಗಳ ಹಾಲಿನಲ್ಲಿ ಪ್ರಿಂಟರ್ ನೋಡಿಕೊಳ್ಳುವ ದಿನಗೂಲಿಯವರು. ಆಳಂದದ ಕಡೆಯಿಂದ ಹದಿನೆಂಟನೆಯ ವಯಸ್ಸಿಗೇ ಬಂದು ಪರೇಲಿನ ಮಿಲ್ಲೊಂದರಲ್ಲಿ ಮಗ್ಗ ನಡೆಸಿದವರು. ಮುಷ್ಕರದಲ್ಲಿ ಆ ಕೆಲಸ ಹೋಯಿತು. ಮಗ್ಗಗಳ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಅದಕ್ಕೇ ಪ್ರಿಂಟರಿನ ಮೇಲೆ ಅಂಗೈ ಇಟ್ಟು, ಅದು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಿದ್ದರು.

ಕಾಲೇಜಿನ ಎಲ್ಲ ಕಂಪ್ಯೂಟರುಗಳಿಂದ ಕೇಬಲ್ ಎಳೆದು ಆ ಪ್ರಿಂಟರಿಗೆ ಜೋಡಿಸಿದ್ದರು. ಯಾರು ಏನು ಕಳಿಸಿದರೂ ಮೊದಲ ಹಾಳೆಯಲ್ಲಿ ಅವರ ಹೆಸರು ದಪ್ಪ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತಿತ್ತು. ರಾಯರಿಗೆ ಇಂಗ್ಲಿಷ್ ಬಾರದು. ಮಿಲ್ಲಿನಲ್ಲಿ ಬಟ್ಟೆಯ ಗಂಟುಗಳ ಮಾರ್ಕು ನೆನಪಿಡುತ್ತಿದ್ದ ಹಾಗೆ ಹೆಸರುಗಳ ಆಕಾರವನ್ನು ನೆನಪಿಟ್ಟಿದ್ದರು. ಹೆಸರಿನವರ ಕೈಗೆ ಮಾತ್ರ ಕಾಗದ. ಹೊಸದರಲ್ಲಿ ನಮ್ಮ ಸಾಹೇಬರ ಕಾಗದ ತರಲು ಹೋದ ನನ್ನನ್ನೂ ಬರಿಗೈಯಲ್ಲಿ ಕಳಿಸಿದರು.

"ಇವರ ತಲೇಲಿ ಮೆದುಳಿದೆಯೋ, ಮಿಲ್ಲಿನ ಹತ್ತಿ ತುಂಬಿದೆಯೋ," ಎಂದು ಹಾಲಿಗೆಲ್ಲ ಕೇಳುವಂತೆ ಅಂದೆ. ಅವರು ಮಂದವಾದ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತರು.

ಮುಂದಿನ ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕೆಲಸ ನನಗೆ ಬಂತು. ಅದನ್ನು ಮೇಲಿನ ಬೀಗದ ಕೋಣೆಯ ಪ್ರಿಂಟರಿನಲ್ಲೇ ತೆಗೆಯಬೇಕು. ಮುದ್ರಿಸು ಎನ್ನುವುದಕ್ಕೆ ಎಲ್‌ಪಿಆರ್ ಎಂದು ಟೈಪ್ ಮಾಡಿ, ಯಾವ ಪ್ರಿಂಟರ್ ಎಂದು ಹೇಳಿ, ಆಮೇಲೆ ಫೈಲಿನ ಹೆಸರು ಕೊಡಬೇಕು. ಪ್ರಿಂಟರಿನ ಹೆಸರು ಬಿಟ್ಟರೆ ಕಂಪ್ಯೂಟರ್ ಏನೂ ಕೇಳುವುದಿಲ್ಲ, ಸೀದಾ ವಿದ್ಯಾರ್ಥಿಗಳ ಹಾಲಿಗೆ ಕಳಿಸಿಬಿಡುತ್ತದೆ. ಫೋನಿನಲ್ಲಿ ಗ್ಯಾಸ್ ಏಜೆನ್ಸಿಯವನ ಜೊತೆ ಜಗಳವಾಡುತ್ತ ನಾನು ಆ ಹೆಸರು ಬಿಟ್ಟೆ.

ಬೀಗದ ಕೋಣೆಯ ಪ್ರಿಂಟರ್ ಮಿಸುಕಲಿಲ್ಲ. ತಡವಾಗುತ್ತಿರಬಹುದು ಎಂದುಕೊಂಡು ಅರ್ಧ ಗಂಟೆಗೂ ಮೇಲೆ ಕಾದೆ. ವಾಪಸು ಬಂದು ನಾನು ಟೈಪ್ ಮಾಡಿದ ಸಾಲನ್ನು ಓದಿದೆ: ಪ್ರಿಂಟರಿನ ಹೆಸರೇ ಇರಲಿಲ್ಲ. ಪತ್ರಿಕೆ ಬಯಲಾದರೆ ಕೆಲಸ ಹೋಗುವುದು ಹಾಗಿರಲಿ, ಇವಳೇ ಮಾರಿಕೊಂಡಳು ಅನ್ನುತ್ತಾರೆ. ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಕೆಳಗೆ ಓಡಿದೆ.

ಹಾಲಿನಲ್ಲಿ ಗಲಾಟೆಯೋ ಗಲಾಟೆ. ಅವತ್ತು ಪ್ರಾಜೆಕ್ಟ್ ಒಪ್ಪಿಸುವ ಕೊನೆಯ ದಿನ. ಮೂವತ್ತು ಹುಡುಗರು ಮುತ್ತಿಕೊಂಡು ಹಿಂದಿಯಲ್ಲೂ ಮರಾಠಿಯಲ್ಲೂ ಕೂಗಾಡುತ್ತಿದ್ದರು. ರಾಯರು ಪ್ರಿಂಟರ್ ಆಫ್ ಮಾಡಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಯಾರೋ ಕಾಲರ್ ಹಿಡಿದು ಎಳೆದಿದ್ದರು, ಅಂಗಿಯ ಗುಂಡಿ ಕಿತ್ತುಹೋಗಿತ್ತು. ನನ್ನನ್ನು ಕಂಡದ್ದೇ ಎದ್ದು, ಅಂಗಿಯೊಳಗಿಂದ ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟರು.

ನನ್ನ ಹೆಸರು ಸುಬ್ಬಲಕ್ಷ್ಮಿ, ಕಂಪ್ಯೂಟರಿಗೆ ಸುಬ್ಬು; ಇಂಗ್ಲಿಷಿನಲ್ಲಿ ಬರೆದರೆ ನಡುವೆ ಎರಡು ದಪ್ಪ ಬಿ.

"ನಡುವ ಎರಡು ಹೊಟ್ಟಿ ಇರೋ ಮಾರ್ಕ್ ನಿಮ್ದ ಅಲ್ಲೇನ್ರಿ, ಅಕ್ಕಾರ?" ಎಂದರು. "ಪರೀಕ್ಷಾ ತಿಂಗಳಾಗ ಮ್ಯಾಲಿನವ್ರ ಕಾಗದ ಎಂದೂ ಕೆಳಗ ಬಂದಿಲ್ಲ. ಬಂತಂದ್ರ ಏನೋ ತಪ್ಪಾಗ್ಯದ. ಬ್ಯಾರೆ ನೂಲು ಕಂಡ್ರ ಮೊದಲ ಮಗ್ಗ ನಿಂದ್ರಸಬೇಕು, ಆಮ್ಯಾಲ ಕೇಳಬೇಕು. ಬಿಟ್ಟು ಮ್ಯಾಲ ಬಂದ್ರ ಈ ಹುಡುಗ್ರು ಚಾಲೂ ಮಾಡ್ತಿದ್ರು, ಇನ್ನೊಂದು ಹಾಳಿ ಬಂದ್ರ ಅವ್ರ ಕೈಗೇ."

"ಯಾರಾದರೂ ನೋಡಿದ್ರಾ, ರಾಯರೇ?"

"ನಾನ ನೋಡಿಲ್ಲ. ಬರ್ತಿದ್ಹಂಗ ಹರದು ಒಳಗಿಟ್ಟೆ."

ಹಾಳೆ ಎಣಿಸಿದೆ. ಹೆಸರಿನ ಹಾಳೆಯ ಜೊತೆ ನಾಲ್ಕೂ ಇದ್ದವು.

ಮಾರನೆಯ ದಿನ ಹುಡುಗರು ದೂರು ಬರೆದು ಕೊಟ್ಟರು: ಇಂಥ ದಿನ ಈ ಮನುಷ್ಯ ಕಾರಣವಿಲ್ಲದೆ ಮುಕ್ಕಾಲು ಗಂಟೆ ಪ್ರಿಂಟರ್ ನಿಲ್ಲಿಸಿದ ಅಂತ. ವಿಭಾಗದ ಮುಖ್ಯಸ್ಥರಾದ ಕೇಶವಮೂರ್ತಿ ಅವರು ರಾಯರನ್ನು ಕರೆಸಿ ಯಾಕೆ ಎಂದು ಕೇಳಿದರು. ಕೇಳಿದರು, ಮತ್ತೆ ಕೇಳಿದರು. ರಾಯರು ನನ್ನ ಕಡೆ ಕಣ್ಣು ಸಹ ಹಾಯಿಸದೆ ನೆಲ ನೋಡುತ್ತ ನಿಂತರು.

"ಹಾಗಾದರೆ ನಾಳೆಯಿಂದ ಬರಬೇಡಿ," ಎಂದರು ಸಾಹೇಬರು.

ನಾನು ಅಲ್ಲೇ ಪಕ್ಕದ ಟೇಬಲಿನಲ್ಲಿದ್ದೆ. ಇನ್ನು ಇಪ್ಪತ್ತು ದಿನಕ್ಕೆ ನನ್ನ ಕೆಲಸ ಕಾಯಂ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಊರಿಗೆಲ್ಲ ಕೇಳುವಂತೆ ಬೈಯುವ ನನ್ನ ಬಾಯಿ ಒಣಗಿ ಅಂಟಿಕೊಂಡಿತು. ರಾಯರು ಸಾಹೇಬರಿಗೆ ಕೈಮುಗಿದರು, ತಿರುಗಿದರು, ಬಾಗಿಲ ತನಕ ಹೋದರು. ಆಗ ಎದ್ದೆ.

"ಸಾರ್, ಅವರು ಪ್ರಿಂಟರ್ ನಿಲ್ಲಿಸಿದ್ದು ನನ್ನ ತಪ್ಪಿಗೆ," ಎಂದು ಎಲ್ಲವನ್ನೂ ಹೇಳಿದೆ.

ಕೇಶವಮೂರ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪತ್ರಿಕೆ ಹೊಸದಾಗಿ ಆಗಬೇಕು. ನಿಮ್ಮ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ," ಎಂದು ನನಗೆ ಹೇಳಿ, ಬಾಗಿಲ ಕಡೆ ನೋಡಿದರು. "ರಾಯರೇ, ನೀವು ಹೋಗಿ ಮೆಷೀನ್ ಹಚ್ಚಿ."

ಮಧ್ಯಾಹ್ನ ನನ್ನ ಊಟದ ಡಬ್ಬಿಯನ್ನೇ ತೆಗೆದುಕೊಂಡು ಹಾಲಿಗೆ ಹೋದೆ. ಆಡಬೇಕಾದ ಮಾತನ್ನು ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡಿದ್ದೆ. "ನೀವು ನನ್ನ ಮಾನ ಉಳಿಸಿದಿರಿ, ರಾಯರೇ. ಈ ಉಪಕಾರ ನಾನು ಸಾಯೋವರೆಗೂ..." ಎನ್ನುವಷ್ಟರಲ್ಲಿ ಅವರೇ ತಡೆದರು.

"ಮಿಲ್ಲಿನಾಗ ಹದಿನಾರು ವರ್ಷ ದುಡದೀನ್ರಿ, ಅಕ್ಕಾರ. ಹೊರಗ ಹಾಕಿದ ದಿನ, ಇವ ಛಲೋ ಮನಷ್ಯಾ ಅಂತ ಒಬ್ರೂ ಒಂದು ಮಾತು ಆಡ್ಲಿಲ್ಲ. ನನ್ನ ಸಲುವಾಗಿ ಸಾಹೇಬ್ರ ಮುಂದ ಎದ್ದು ನಿಂತವ್ರು ನೀವ ಮೊದಲ."

ಅವರ ಕಣ್ಣು ತುಂಬಿತ್ತು. ಎರಡೂ ಕೈ ಜೋಡಿಸಿದರು. ಸಾಹೇಬರು ಬರಬೇಡಿ ಎಂದ ಮೇಲೂ, ಅವರು ಬಾಗಿಲ ತನಕ ನಡೆದು ಹೋಗುವವರೆಗೂ ನಾನು ಕೂತೇ ಇದ್ದೆ ಎಂಬುದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.