ಸೂಟ್‌ಕೇಸ್ ಹಿಡಿದ ಅವ್ವ

ಬೆಳಗಿನ ಆರು ಗಂಟೆಗೆ ಕಲ್ಯಾಣ ನಗರದ ಈ ಕಟ್ಟಡದಲ್ಲಿ ದೀಪ ಕಾಣುವುದು ಎರಡೇ ಕಡೆ: ಕೆಳಗೆ ಹಾಲಿನ ಅಂಗಡಿಯಲ್ಲಿ, ಮೇಲೆ ಎರಡನೇ ಮಹಡಿಯ ಒಂದು ಕಿಟಕಿಯಲ್ಲಿ. ಕಿಟಕಿಯ ಒಳಗೆ ಉದ್ದನೆಯ ಮೇಜು. ಮೇಜಿನ ತುಂಬ ಅರವತ್ತಕ್ಕೂ ಹೆಚ್ಚು ಮೊಬೈಲ್ ಫೋನುಗಳು. ಕೆಲವಕ್ಕೆ ಬೆನ್ನಿನ ಮುಚ್ಚಳವಿಲ್ಲ, ಕೆಲವಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ಪ್ರಿಯದರ್ಶಿನಿ ಒಂದನ್ನು ಎತ್ತಿಕೊಂಡು, ಅದಕ್ಕೆ ಆಟವೊಂದನ್ನು ಇಳಿಸಿಕೊಂಡು, ಎಡಗೈ ಹೆಬ್ಬೆರಳಿನಿಂದ ಆಡತೊಡಗುತ್ತಾರೆ. ಪರದೆಯ ಮೇಲಿನ ಪುಟ್ಟ ಕಾರು ಹೋಗಿ ಗೋಡೆಗೆ ಗುದ್ದುತ್ತದೆ. ಮತ್ತೆ ಗುದ್ದುತ್ತದೆ. ಬೇಕೆಂದೇ ಗುದ್ದಿಸುತ್ತಿದ್ದಾರೆ.

"ಚೆನ್ನಾಗಿ ಆಡಿದ್ರೆ ತಪ್ಪು ಸಿಗಲ್ಲ ಮೇಡಂ" ಎಂದು ತಲೆ ಎತ್ತದೆ ಹೇಳುತ್ತಾರೆ, ಇವರ ಬಗ್ಗೆ ಬರೆಯಲು ಬಂದ ನನಗೆ. "ಏನೂ ಗೊತ್ತಿಲ್ದೋರ ಥರ ಆಡ್ಬೇಕು. ಆಟ ನಡೀತಿರುವಾಗ ಕಾಲ್ ಬರಬೇಕು, ಬ್ಯಾಟರಿ ಮುಗೀಬೇಕು, ಮಗು ಎಲ್ಲಾ ಗುಂಡೀನೂ ಒಟ್ಟಿಗೆ ಒತ್ತಬೇಕು. ಆಗ್ಲೂ ನಿಲ್ಲಬಾರ್ದು. ಅದನ್ನ ನೋಡೋದೇ ನನ್ ಕೆಲ್ಸ."

ಇಷ್ಟು ಬೇಗ ಬರುವುದೇಕೆಂದರೆ ಈ ಹೊತ್ತಿನಲ್ಲಿ ಮೊಬೈಲ್ ನೆಟ್‌ವರ್ಕ್ ಖಾಲಿ ಇರುತ್ತದೆ. ಹತ್ತು ಗಂಟೆಯ ಮೇಲೆ ಕಾಲು ಗಂಟೆ ಹಿಡಿಯುವ ಡೌನ್‌ಲೋಡ್ ಈಗ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕೃಷ್ಣರಾಜಪುರ ಸ್ಟೇಷನ್ ಹಿಂದಿನ ಬಾಡಿಗೆ ಕೋಣೆಯಿಂದ ಹೊರಟು, ರಿಂಗ್ ರೋಡಿನ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ. ಗೆಣ್ಣು ಊದಿಕೊಂಡು ಎರಡು ವರ್ಷವಾಯಿತು. ಆ ಬೆರಳನ್ನು ಪೂರ್ತಿ ಬಿಟ್ಟುಬಿಡಿ ಎಂದು ಕಾಕ್ಸ್ ಟೌನಿನ ಡಾಕ್ಟರು ಹೇಳಿದ ಮೇಲೆ ಎಡಗೈಗೆ ಕೆಲಸ ಕಲಿಸಿದರು. ಈಗ ಅದೂ ನೋಯಲು ಶುರುವಾಗಿದೆ.

ಇದು ಚಿಲ್ಲರೆ ಗೇಮ್ಸ್. ಮೊಬೈಲ್ ಆಟಗಳನ್ನು ತಯಾರಿಸುವ ಪುಟ್ಟ ಸ್ಟುಡಿಯೊ. ನೀವು ಬಸ್ಸಿನಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಹೊತ್ತು ಕಳೆಯಲು ಆಡಿದ ಆಟಗಳಲ್ಲಿ ಒಂದಾದರೂ ಪ್ರಿಯದರ್ಶಿನಿಯ ಬೆರಳ ಕೆಳಗೆ ಹಾದು ಬಂದಿರಬಹುದು. ಅವರ ಹೆಸರು ಮಾತ್ರ ಯಾವ ಆಟದಲ್ಲೂ ಇಲ್ಲ. ಸ್ಟುಡಿಯೊದ ಹೆಸರೂ ಇಲ್ಲ.

ಸ್ಟುಡಿಯೊ ಹುಟ್ಟಿದ್ದು ಇಬ್ಬರು ಗೆಳೆಯರಿಂದ. ಒಬ್ಬರು ಶ್ರೀನಾಥ್, ಈ ಕಟ್ಟಡದ ಮಾಲೀಕರ ಮನೆಯವರು. ಅವರ ತಾತ ಮುನಿಆಂಜನಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಮೂರು ಮಹಡಿ ಎದ್ದಿವೆ. ಇನ್ನೊಬ್ಬರು ಪ್ರೋಗ್ರಾಂ ಬರೆಯುವ ಅಕ್ತರ್. ಅಕ್ತರ್ ತಂದೆ ಬಷೀರ್ ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಓಣಿಯೊಂದರಲ್ಲಿ ವಿಡಿಯೊ ಗೇಮ್ ಪಾರ್ಲರ್ ಇಟ್ಟಿದ್ದರು. ಬೀರುವಿನಷ್ಟು ದೊಡ್ಡ ನಾಲ್ಕು ಯಂತ್ರಗಳು, ಒಂದು ಆಟಕ್ಕೆ ಒಂದು ರೂಪಾಯಿ ನಾಣ್ಯ. ಶ್ರೀನಾಥ್ ಸ್ಕೂಲು ತಪ್ಪಿಸಿ ಅಲ್ಲಿಗೆ ಹೋಗುತ್ತಿದ್ದರು. ಮನೆಮನೆಗೂ ಕಂಪ್ಯೂಟರ್ ಬಂದ ಮೇಲೆ ಪಾರ್ಲರ್ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಬಷೀರ್ ರಿಪೇರಿ ಅಂಗಡಿ ಇಟ್ಟುಕೊಂಡರು. ಎರಡು ಸಾವಿರದ ಎರಡರಲ್ಲಿ ಇಬ್ಬರೂ ಸೇರಿ ಸ್ಟುಡಿಯೊ ತೆರೆದಾಗ ಆ ನಾಣ್ಯಗಳ ನೆನಪಿಗೆ ಚಿಲ್ಲರೆ ಎಂದು ಹೆಸರಿಟ್ಟರು. ಶ್ರೀನಾಥ್ ಅಜ್ಜಿ ದೊಡ್ಡಮುನಿಯಮ್ಮ ಬಾಡಿಗೆ ಕೇಳದೆ ಎರಡು ಕೋಣೆ ಬಿಟ್ಟುಕೊಟ್ಟರು. ಮೊಮ್ಮಗ ಒಳಗೆ ಮಾಡುವುದೇನೆಂದು ಅವರು ಕೇಳಲೂ ಇಲ್ಲ.

ಮರುವರ್ಷ ಫೋನ್ ಕರೆ ತೆಗೆದುಕೊಳ್ಳಲು ಒಬ್ಬರು ಬೇಕಾದರು. ಬಂದವರು ಪ್ರಿಯದರ್ಶಿನಿ. ಕೊಪ್ಪಳದ ಕಡೆಯವರು. ಹನ್ನೊಂದು ವರ್ಷದವಳಿದ್ದಾಗ ತಂದೆ ಹುಲಿಗೆಪ್ಪ ಗಾರೆ ಕೆಲಸಕ್ಕೆಂದು ಮನೆಮಂದಿಯನ್ನೆಲ್ಲ ಇಲ್ಲಿಗೆ ಕರೆತಂದರು. ಕಾಕ್ಸ್ ಟೌನಿನಲ್ಲಿ ಹಳೆಯ ಮನೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುತ್ತಿದ್ದ ಕಾಲ. ತಾಯಿ ಸುಭದ್ರಮ್ಮ ಕೃಷ್ಣರಾಜಪುರದ ಸಂತೆಯಲ್ಲಿ ಸೊಪ್ಪು ಕೊಂಡು, ಗಂಟು ಕಟ್ಟಿ, ಬಸ್ಸಿನಲ್ಲಿ ಹಲಸೂರಿಗೆ ಒಯ್ದು ಬೀದಿಬೀದಿ ಮಾರುತ್ತಿದ್ದರು. ಈಗಲೂ ಮಾರುತ್ತಾರೆ. ಮಗಳು ಪಿಯುಸಿ ಮುಗಿಸಿ, ಸಂಜೆಯ ಹೊತ್ತು ಕಂಪ್ಯೂಟರ್ ಕಲಿತರು.

"ಫೋನ್ ಎತ್ತೋಕೆ ಅಂತ ಬಂದೆ. ಫೋನೇ ಬರ್ತಿರ್ಲಿಲ್ಲ" ಎಂದು ನಗುತ್ತಾರೆ. "ಸುಮ್ನೆ ಕೂತಿದ್ದೆ. ಅಕ್ತರ್ ಭಾಯ್ ಒಂದ್ ಫೋನ್ ಕೊಟ್ಟು, ಪ್ರಿಯಾ, ಇದನ್ನ ಆಡಿ ಕೆಡ್ಸು ನೋಡೋಣ ಅಂದ್ರು. ಸಂಜೆಯೊಳಗೆ ಏಳು ಕಡೆ ಕೆಡಿಸ್ದೆ."

ಕೆಲಸ ಕೇಳಲು ಸುಲಭ. ಪ್ರತಿ ಕಂಪನಿಯ ಫೋನಿಗೂ ಪರದೆಯ ಅಳತೆ ಬೇರೆ, ಗುಂಡಿಗಳ ಜಾಗ ಬೇರೆ, ಒಳಗಿನ ಮೆಮೊರಿಯೂ ಬೇರೆ. ಒಂದು ಆಟವನ್ನು ಒಂದೊಂದು ಫೋನಿಗೂ ಹೊಂದುವಂತೆ ತಿದ್ದುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ತಿದ್ದಿದ ಮೇಲೆ ಅಷ್ಟೂ ಫೋನುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಆಡಿ ನೋಡಬೇಕು. ಒಂದೇ ಆಟ, ಒಂದೇ ಸದ್ದು, ದಿನಕ್ಕೆ ಮೂವತ್ತು ನಲವತ್ತು ಬಾರಿ.

ಚಿಲ್ಲರೆಯ ಸ್ವಂತ ಆಟವೂ ಒಂದಿತ್ತು. ಅದರ ಹೆಸರು 'ಮುಂದೆ ಹೋಗಿ'. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಪ್ರಿಯದರ್ಶಿನಿ ಹಳೆ ಮದ್ರಾಸು ರಸ್ತೆಯ ಬಸ್ಸಿನ ಕತೆ ಹೇಳುತ್ತಿದ್ದರಂತೆ. ಕಂಡಕ್ಟರ್ ಎಲ್ಲರನ್ನೂ ಮುಂದೆ ತಳ್ಳುತ್ತಾನೆ, ಬೈಯುತ್ತಾನೆ. ಅವ್ವ ಸೊಪ್ಪಿನ ಗಂಟು ಹೊತ್ತು ಹತ್ತಿದರೆ ಮಾತ್ರ ಅವನ ಆಟ ನಡೆಯುವುದಿಲ್ಲ. ಅವಳು ನಿಂತಲ್ಲೇ ನಿಲ್ಲುತ್ತಾಳೆ. ಉಳಿದವರೇ ಸರಿದುಕೊಳ್ಳಬೇಕು.

ಅಕ್ತರ್ ಊಟ ಅಲ್ಲಿಗೇ ಬಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಐದು ತಿಂಗಳಲ್ಲಿ ಆಟ ಸಿದ್ಧವಾಯಿತು. ಆಡುವವರು ಕಂಡಕ್ಟರ್. ಕೃಷ್ಣರಾಜಪುರದಿಂದ ಶಿವಾಜಿನಗರದವರೆಗೆ ತುಂಬಿದ ಬಸ್ಸಿನಲ್ಲಿ ಜನರನ್ನು ಒಳಗೆ ತಳ್ಳುತ್ತ, ಮುಂದಿನ ಸ್ಟಾಪು ಬರುವಷ್ಟರಲ್ಲಿ ಎಲ್ಲರಿಗೂ ಟಿಕೆಟ್ ಹರಿದು ಕೊಡಬೇಕು. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಸೊಪ್ಪಿನ ಗಂಟಿನ ಹೆಂಗಸು ಹತ್ತಿದಳೆಂದರೆ ಏನು ಒತ್ತಿದರೂ ಅವಳು ಕದಲುವುದಿಲ್ಲ. ಪ್ರೋಗ್ರಾಮಿನಲ್ಲಿ ಆ ಪಾತ್ರಕ್ಕೆ ಅಕ್ತರ್ ಕೊಟ್ಟ ಹೆಸರು ಅವ್ವ. ಇಂಗ್ಲಿಷ್ ಅಕ್ಷರದಲ್ಲಿ, ಎ ವಿ ವಿ ಎ. ಆಟದಲ್ಲಿ ಒಂದು ಪುಟ್ಟ ತಪ್ಪೂ ಉಳಿದಿತ್ತು. ಅವ್ವ ಇಳಿದು ಹೋದ ಮೇಲೆ ಗಂಟು ಮಾತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ಬಸ್ಸಿನಲ್ಲೇ ಇರುತ್ತಿತ್ತು. ಪ್ರಿಯದರ್ಶಿನಿ ಅದನ್ನು ಹಿಡಿದಿದ್ದರು. ತಿದ್ದಲು ಸಮಯ ಸಿಕ್ಕಿರಲಿಲ್ಲ.

ಇಂಥ ಆಟ ಜನರ ಫೋನಿಗೆ ತಲುಪಬೇಕಾದರೆ ಮೊಬೈಲ್ ಕಂಪನಿಗಳ ಜತೆ ಒಪ್ಪಂದವಿರುವ ಮಧ್ಯವರ್ತಿ ಬೇಕು. ಇಂದಿರಾನಗರದ ಅಂಥದ್ದೊಂದು ಕಂಪನಿಗೆ ಶ್ರೀನಾಥ್ ಆಟವನ್ನು ಒಯ್ದರು. ಪರೀಕ್ಷೆ ಮಾಡಬೇಕು, ಪ್ರೋಗ್ರಾಂ ಪೂರ್ತಿ ಕೊಡಿ ಎಂದರು. ಶ್ರೀನಾಥ್ ಸಿ.ಡಿ. ಕೊಟ್ಟು ಬಂದರು. ಎರಡು ತಿಂಗಳ ಮೇಲೆ ಉತ್ತರ ಬಂತು: ಲೋಕಲ್ ವಿಷಯ, ಓಡುವುದಿಲ್ಲ.

ಅಲ್ಲಿಂದ ಎಂಟು ತಿಂಗಳಿಗೆ ಅದೇ ಕಂಪನಿಯಿಂದ ಚಿಲ್ಲರೆಗೆ ಪೋರ್ಟಿಂಗ್ ಕೆಲಸ ಬಂತು. ಯುರೋಪಿನಲ್ಲಿ ಚೆನ್ನಾಗಿ ಓಡುತ್ತಿರುವ ಆಟ, ಎಪ್ಪತ್ತು ಫೋನುಗಳಿಗೆ ಹೊಂದಿಸಬೇಕು. ಸ್ಟುಡಿಯೊ ಕಂಡ ಅತಿ ದೊಡ್ಡ ಕೆಲಸ. ಎಂದಿನಂತೆ ಮೊದಲು ಆಡಿದವರು ಪ್ರಿಯದರ್ಶಿನಿ.

"ಸುರಂಗದ ರೈಲು ಮೇಡಂ. ಕೋಟು ಹಾಕ್ಕೊಂಡ ಜನ. ಆಡ್ತಾ ಆಡ್ತಾ ಕೈ ತಾನಾಗೇ ಹೋಗ್ತಿತ್ತು, ಎಲ್ಲಿ ಏನು ಒತ್ಬೇಕು ಅಂತ ಮೊದ್ಲೇ ಗೊತ್ತಿತ್ತು. ಯಾಕೆ ಅಂತ ಹೊಳೀಲಿಲ್ಲ. ಮೂರನೇ ಸ್ಟೇಷನ್ನಲ್ಲಿ ಒಬ್ಳು ಹೆಂಗಸು ಸೂಟ್‌ಕೇಸ್ ಹಿಡ್ಕೊಂಡು ಹತ್ತಿದ್ಳು. ತಳ್ಳಿದೆ. ಅಲ್ಲಾಡ್ಲಿಲ್ಲ. ಇನ್ನೊಂದ್ಸಲ ತಳ್ಳಿದೆ. ಜನ ಆ ಕಡೆ ಈ ಕಡೆ ಸರಿದ್ರು." ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಡುತ್ತಾರೆ. "ಅವ್ಳು ಇಳಿದು ಹೋದ್ಳು. ಸೂಟ್‌ಕೇಸ್ ಒಂದ್ ಚೂರು ಹೊತ್ತು ಅಲ್ಲೇ ಇತ್ತು."

ಅವರು ಅಕ್ತರ್ ಅವರನ್ನು ಕೂಗಿ ಕರೆಯಲಿಲ್ಲ. ಎದ್ದು ಹೋಗಿ, ಪ್ರೋಗ್ರಾಮಿನೊಳಗೆ ಅವ್ವ ಅಂತ ಇದೆಯಾ ನೋಡಿ ಎಂದರು. ಅಕ್ತರ್ ಹುಡುಕಿದರು. ಇತ್ತು. ಬಸ್ಸನ್ನು ರೈಲು ಮಾಡಿದವರು, ಸೊಪ್ಪಿನ ಗಂಟನ್ನು ಸೂಟ್‌ಕೇಸ್ ಮಾಡಿದವರು, ಆ ನಾಲ್ಕು ಅಕ್ಷರಕ್ಕೆ ಅರ್ಥವಿದೆಯೆಂದೇ ತಿಳಿಯದೆ ಹಾಗೆಯೇ ಬಿಟ್ಟಿದ್ದರು.

ಶ್ರೀನಾಥ್ ಅಂದೇ ಇಂದಿರಾನಗರಕ್ಕೆ ಹೋಗಿ ಕಂಪನಿಯ ಮುಖ್ಯಸ್ಥರನ್ನು ಕಂಡರು. ಅವರಿಗೆ ಆ ಭೇಟಿ ಮಾತುಮಾತಿಗೂ ನೆನಪಿದೆ. "ಆ ಮನುಷ್ಯ ಕೋಪ ಮಾಡ್ಕೊಳ್ಳಲೇ ಇಲ್ಲ. ಕಾಫಿ ತರಿಸ್ದ. ಫೋನಲ್ಲಿ ತೋರ್ಸಿದೆ, ಪ್ರೋಗ್ರಾಂ ಪ್ರಿಂಟ್ ತೋರ್ಸಿದೆ. ಎಲ್ಲಾ ನೋಡ್ದ. ಆಮೇಲೆ, ಹಾಗಿದ್ರೆ ಕೆಲ್ಸ ನಿಮಗೆ ಇನ್ನೂ ಸುಲಭ ಆಯ್ತಲ್ಲ ಶ್ರೀನಾಥ್, ಒಳಗಿಂದೆಲ್ಲಾ ನಿಮಗೇ ಗೊತ್ತು, ಬೇಗ ಮುಗಿಸ್ಕೊಡಿ ಅಂದ."

ದಂಡು ಪ್ರದೇಶದ ವಕೀಲರೊಬ್ಬರನ್ನು ಕಂಡರು. ಸಿ.ಡಿ. ಕೊಟ್ಟಾಗ ಒಂದು ಸಹಿಯನ್ನೂ ಪಡೆದಿಲ್ಲ, ಆ ಕಡೆ ವಿದೇಶದ ಕಂಪನಿ, ಕೇಸು ಮುಗಿಯುವ ಹೊತ್ತಿಗೆ ನೀವು ಸ್ಟುಡಿಯೊ ಮುಚ್ಚಿರುತ್ತೀರಿ ಎಂದರು ಅವರು. ಆಗ ಚಿಲ್ಲರೆಯಲ್ಲಿ ನಾಲ್ಕು ಮಂದಿ. ಬೇರೆ ಕೆಲಸ ಯಾವುದೂ ಕೈಯಲ್ಲಿರಲಿಲ್ಲ. ಶ್ರೀನಾಥ್, ಅಕ್ತರ್, ಪ್ರಿಯದರ್ಶಿನಿ ಮೂವರೂ ಇದೇ ಮೇಜಿನ ಸುತ್ತ ಕೂತರು.

"ಬೇಡ ಅಂದೆ ನಾನು" ಎನ್ನುತ್ತಾರೆ ಅಕ್ತರ್. "ಬಿಸಾಕು ಯಾರ್, ನಾನು ಅಬ್ಬಾ ಥರ ರಿಪೇರಿ ಅಂಗ್ಡಿ ಇಟ್ಕೊಂಡು ಬದುಕ್ತೀನಿ ಅಂದೆ. ಪ್ರಿಯಾ ಹೇಳಿದ್ಳು, ಮಾಡೋಣ ಅಂತ. ಅವಳ ಅಪ್ಪ ಆಗ ಸಾರವೆಯಿಂದ ಬಿದ್ದು ಮಲಗಿದ್ರು. ನಾನೂ ಹ್ಞೂ ಅಂದೆ."

ಮಾಡಿದರು. ತಮ್ಮ ಆಟವನ್ನೇ ಬೇರೆಯವರದೆಂದು ಒಪ್ಪಿ, ಎಪ್ಪತ್ತು ಫೋನುಗಳಿಗೆ ಹೊಂದಿಸಿದರು. ಪ್ರಿಯದರ್ಶಿನಿ ಒಂದೊಂದರಲ್ಲೂ ಆಡಿ ತಪ್ಪುಗಳನ್ನು ವರದಿ ಮಾಡಿದರು. ಸೂಟ್‌ಕೇಸ್ ಉಳಿಯುವ ತಪ್ಪನ್ನೂ ವರದಿ ಮಾಡಿದರು. ಬಿಡಬಹುದಿತ್ತಲ್ಲ ಎಂದು ಕೇಳಿದೆ.

"ಬಿಡಬಹುದಿತ್ತು. ಯಾರಿಗೂ ಕಾಣ್ತಿರ್ಲಿಲ್ಲ. ಆದ್ರೆ ಕಂಡದ್ದನ್ನ ಕಂಡಿಲ್ಲ ಅಂದ್ರೆ ನಾನು ಇಲ್ಲಿ ಕೂತು ಮಾಡೋದೇನು? ಅವ್ರು ಕಳ್ರು ಅಂತ ನಾನೂ ಕೆಲ್ಸಗಳ್ಳಿ ಆಗ್ಲಾ?"

ಅದನ್ನು ತಿದ್ದಿದವರು ಅಕ್ತರ್. "ಪರದೆ ಮೇಲೆ ಅದೊಂದೇ ನಮ್ದು ಅಂತ ಗುರುತಿತ್ತು. ಅದನ್ನೂ ನನ್ ಕೈಯಾರೆ ಅಳಿಸ್ದೆ" ಎಂದವರು ಬಾಲ್ಕನಿಗೆ ಎದ್ದು ಹೋದರು.

ಆ ಆಟದ ವಿದೇಶಿ ಹೆಸರನ್ನು ಇಲ್ಲಿ ಬರೆಯುವಂತಿಲ್ಲ, ಕಂಪನಿಯದೂ ಅಷ್ಟೇ. ಸಹಿ ಹಾಕಿದ ಒಪ್ಪಂದದಲ್ಲಿ ಹಾಗಿದೆ. "ಹೆಸರು ಬಿಟ್ಟು ಮಿಕ್ಕಿದ್ದು ಬರೀರಿ" ಎಂದರು ಶ್ರೀನಾಥ್. "ಇನ್ನು ಕಳ್ಕೊಳ್ಳೋಕೆ ಏನಿದೆ?"

ಕಹಿಯಾದ ಮಾತೆಂದರೆ ಸ್ಟುಡಿಯೊ ಬೆಳೆದದ್ದು ಅದರಿಂದಲೇ. ಕೆಲಸ ಅಚ್ಚುಕಟ್ಟು ಎಂದು ಹೆಸರಾಯಿತು. ಒಂದರ ಹಿಂದೆ ಒಂದು ಪೋರ್ಟಿಂಗ್ ಬಂತು. ಎರಡು ಸಾವಿರದ ಏಳರ ಹೊತ್ತಿಗೆ ಹದಿನಾಲ್ಕು ಮಂದಿ, ಇಡೀ ಎರಡನೇ ಮಹಡಿ. ಪ್ರಿಯದರ್ಶಿನಿಯ ಕೈಕೆಳಗೆ ನಾಲ್ವರು ಪರೀಕ್ಷಕರು. ಅವರ ಬೆರಳು ಊದಿದ್ದೂ ಆ ವರ್ಷವೇ. ಸ್ವಂತ ಆಟ ಮಾಡಲು ಒಬ್ಬರಿಗೂ ಪುರುಸೊತ್ತಿರಲಿಲ್ಲ.

ಕಳೆದ ವರ್ಷ, ಎರಡು ಸಾವಿರದ ಎಂಟರ ದೀಪಾವಳಿಯ ಹೊತ್ತಿಗೆ ವಿದೇಶದಲ್ಲಿ ಬ್ಯಾಂಕುಗಳು ಬಿದ್ದವು. ಇಂದಿರಾನಗರದ ಕಂಪನಿ ಒಂದು ಇ-ಮೇಲಿನಲ್ಲಿ ಎಲ್ಲ ಕೆಲಸ ನಿಲ್ಲಿಸಿತು. ಒಬ್ಬೊಬ್ಬರೇ ಹೊರಟರು. ಈಗ ಉಳಿದವರು ಐವರು, ಬೇರೆ ಕಡೆಯಿಂದ ಬರುವ ಸಣ್ಣಪುಟ್ಟ ಪೋರ್ಟಿಂಗ್ ಕೆಲಸದಲ್ಲಿ ದಿನ ದೂಡುತ್ತಾರೆ. ಪರೀಕ್ಷಕಿ ಮತ್ತೆ ಒಬ್ಬರೇ.

ಇನ್ನು ಮುಂದೇನು? ಗುಂಡಿಗಳೇ ಇಲ್ಲದ, ಬೆರಳಿನಲ್ಲಿ ಸವರುವ ಫೋನು ಬಂದಿದೆ. ಅದಕ್ಕೆ ಆಟ ಮಾಡುವವರು ಮಧ್ಯವರ್ತಿಯ ಬಾಗಿಲು ಕಾಯದೆ ಇಂಟರ್ನೆಟ್ಟಿನ ಅಂಗಡಿಯಲ್ಲಿ ನೇರವಾಗಿ ಮಾರಬಹುದಂತೆ. 'ಮುಂದೆ ಹೋಗಿ' ಆಟವನ್ನೇ ಅಲ್ಲಿಗೆ ತರೋಣ ಎಂದು ಶ್ರೀನಾಥ್ ಮತ್ತೆ ವಕೀಲರ ಬಳಿ ಹೋದರು. ವಕೀಲರು ಪೋರ್ಟಿಂಗ್ ಒಪ್ಪಂದ ಓದಿ ಆಗದು ಎಂದರು. ಆಟದ ಸಕಲ ಹಕ್ಕೂ ಆ ಕಂಪನಿಯದೆಂದು ಇವರೇ ಒಪ್ಪಿ ಸಹಿ ಮಾಡಿದ್ದಾರೆ. ಈಗ ಇವರು ಮಾರಿದರೆ ಇವರೇ ಕಳ್ಳರು.

ಹಾಗಾಗಿ ಹೊಸ ಆಟ. ಬೀದಿ ನಲ್ಲಿಯಲ್ಲಿ ಅರ್ಧ ಗಂಟೆ ನೀರು ಬಿಡುತ್ತಾರೆ. ಅಷ್ಟರೊಳಗೆ ಸಾಲಿನ ಕೊಡಗಳನ್ನೆಲ್ಲ ಜಗಳವಾಗದಂತೆ ತುಂಬಿಸಬೇಕು. ಅಕ್ತರ್ ಬರೆಯುತ್ತಿದ್ದಾರೆ. ಆ ಹೊಸ ಫೋನು ಸ್ಟುಡಿಯೊದಲ್ಲಿ ಇನ್ನೂ ಒಂದೂ ಇಲ್ಲ. ಕಂಪ್ಯೂಟರಿನ ಪರದೆಯ ಮೇಲೇ ಆಡಿ ನೋಡುತ್ತಾರೆ. "ಈ ಸಲ ಮೊದಲ್ನೇ ಪರದೇಲೇ ಎಲ್ಲರ ಹೆಸರು ಹಾಕ್ತೀನಿ, ಪ್ರಿಯಾ ಹೆಸರು ಮೊದ್ಲು" ಎನ್ನುತ್ತಾರೆ ಶ್ರೀನಾಥ್. ಪ್ರಿಯದರ್ಶಿನಿ ಮುಂದಿನ ಫೋನು ಎತ್ತಿಕೊಳ್ಳುತ್ತಾರೆ.

ಎಂಟು ಗಂಟೆಯಾಗುತ್ತಿದೆ. ತಾಯಿಯ ಫೋನು ಬರುತ್ತದೆ. "ಹ್ಞೂ ಯವ್ವಾ, ಉಂಡೀನಿ. ನೀ ಗುಳಿಗಿ ತಗೊಂಡೇನ? ಅಪ್ಪಗ ಗಂಜಿ ಕೊಡು" ಎಂದು ಹೇಳಿ ಇಡುತ್ತಾರೆ. ತಿಂಡಿ ಇನ್ನೂ ತಿಂದಿಲ್ಲ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಊದಿದ ಬೆರಳಿನ ಬಟ್ಟೆಯನ್ನು ಬಿಚ್ಚಿ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ.

"ಆರು ವರ್ಷದಿಂದ ಬರೀ ತಪ್ಪು ಹುಡುಕೋಕೇ ಆಡಿದೀನಿ ಮೇಡಂ. ಗೆಲ್ಬೇಕು ಅಂತ ಒಂದ್ಸಲಾನೂ ಆಡಿಲ್ಲ. ಒಂದ್ ಆಟ, ಯಾವ್ದಾದ್ರೂ ಸರಿ, ಗೆಲ್ಲೋಕೆ ಅಂತ ಆಡ್ಬೇಕು. ಅಷ್ಟರಲ್ಲಿ ಈ ಕೈ ಉಳಿದಿದ್ರೆ ಸಾಕು."