ಬ್ಯಾಟರಿಗೆ ಕುಂಕುಮ

ನಮ್ಮ ಕಾರಿಗೆ ವರ್ಷಕ್ಕೊಮ್ಮೆ ಪರೀಕ್ಷೆ. ಹೊಗೆ ಪರೀಕ್ಷೆ ಅಂತ ಹೆಸರು, ಆದರೆ ಹೊಗೆಯ ತಂಟೆಗೆ ಯಾರೂ ಹೋಗುವುದಿಲ್ಲ. ಬೆಂಗಳೂರಿನಲ್ಲಾದರೆ ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನವನು ಸೈಲೆನ್ಸರಿನೊಳಕ್ಕೆ ಕೊಳವೆ ತೂರಿಸಿ ನೋಡುತ್ತಿದ್ದ. ಈಗ ನಾವಿರುವ ಅಮೆರಿಕದ ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿ ಸ್ಟೀರಿಂಗ್ ಕೆಳಗೆ ಒಂದು ವೈರು ಸಿಕ್ಕಿಸಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ: ಏನಪ್ಪಾ, ನಿನ್ನ ಹೊಗೆ ಸರಿಯಾಗಿದೆಯಾ? ಅದು ಹೂಂ ಅಂದರೆ ಪಾಸು. ಆರೋಪಿಯ ಬಾಯಿಮಾತಿಗೇ ಬಿಡುಗಡೆ ಕೊಡುವ ಈ ನ್ಯಾಯಾಲಯದ ಮೇಲೆ ನನಗೆ ಅಪಾರ ಭರವಸೆ ಇತ್ತು.

ಅದೇ ಭರವಸೆಯಲ್ಲಿ ಹೋದ ಅಕ್ಟೋಬರಿನಲ್ಲಿ ಹೆಂಡತಿಯ ಷರತ್ತಿಗೆ ಒಪ್ಪಿಬಿಟ್ಟೆ. ನಾನು ಮೈಸೂರಿನವನು, ಸುನಂದಾ ಧಾರವಾಡದವಳು. ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಕಾರು ಇದು; ಆ ಮಗಳು ಈಗ ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದಾಳೆ. "ಈ ಸಲ ಪಾಸ್ ಆಗ್ಲಿಲ್ಲಂದ್ರ ಮಾರಿಬಿಡೂಣ್ರಿ. ಎಲೆಕ್ಟ್ರಿಕ್ ತೊಗೊಳ್ಳೂಣು. ಇದರ ಹೊಗಿ ಕುಡದು ಸಾಕಾಗೇದ" ಅಂದಳು. ನನಗೆ ಈ ಕಾರು ಬೇಕು. ಆದರೂ ಧೈರ್ಯವಾಗಿ, ಆಗಲಿ ಅಂದೆ.

ಧೈರ್ಯಕ್ಕೆ ಕಾರಣ ಇತ್ತು. ಪೆಟ್ರೋಲ್ ಎಂಜಿನ್ ನಾವು ಅಂದುಕೊಂಡಷ್ಟು ಒರಟು ಪ್ರಾಣಿ ಅಲ್ಲ. ಹೊಗೆ ಹೋಗುವ ದಾರಿಯಲ್ಲಿ ಅದಕ್ಕೊಂದು ಮೂಗಿದೆ. ಆಮ್ಲಜನಕ ಹೆಚ್ಚೋ ಕಮ್ಮಿಯೋ ಅಂತ ಮೂಸಿ ನೋಡಿ, ಪೆಟ್ರೋಲನ್ನು ಅಳೆದು ಬಿಡಿಸುತ್ತದೆ. ಸಾಲದ್ದಕ್ಕೆ, ಕೆಲವು ಎಂಜಿನ್‌ಗಳು ತಾವು ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ತಾವೇ ಒಳಕ್ಕೆಳೆದುಕೊಂಡು ಉರಿಯ ಕಾವು ತಗ್ಗಿಸಿಕೊಳ್ಳುತ್ತವೆ. ಕಾವು ತಗ್ಗಿದರೆ ವಿಷದ ಅನಿಲವೂ ತಗ್ಗುತ್ತದೆ. ಸಿಟ್ಟಲ್ಲಿ ಸ್ವಲ್ಪ ನುಂಗಿಕೊಂಡರೆ ಮನೆ ತಣ್ಣಗಿರುತ್ತದೆ ಅನ್ನುವುದು ಗೊತ್ತಿದ್ದ ಯಾರೋ ಸಂಸಾರಸ್ಥರೇ ಇದನ್ನು ಕಂಡುಹಿಡಿದಿರಬೇಕು.

ಎಲ್ಲಕ್ಕಿಂತ ದೊಡ್ಡ ಕೆಲಸ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನುವ ಡಬ್ಬಿಯದು. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು, ಅವಕ್ಕೆ ಪ್ಲಾಟಿನಂ ಜಾತಿಯ ಲೋಹದ ಲೇಪ. ಕೆಟ್ಟ ಅನಿಲಗಳು ಅದನ್ನು ಸವರಿಕೊಂಡು ಹೊರಗೆ ಹೋಗುವಷ್ಟರಲ್ಲಿ ಬಹುಪಾಲು ಸಜ್ಜನರಾಗಿರುತ್ತವೆ. ಒಂದೇ ತೊಡಕು, ಡಬ್ಬಿ ಚೆನ್ನಾಗಿ ಕಾದಿರಬೇಕು. ಕಾಯುವವರೆಗೆ ಏನೂ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಬೆಳಗಿನ ಕಾಫಿ ಆಗುವವರೆಗೆ ನಾನೂ ಹಾಗೇ, ಆದ್ದರಿಂದ ಅದನ್ನು ದೂರಲಾರೆ.

ಇಷ್ಟೆಲ್ಲ ಬಲ್ಲ ನಾನು ಆಯುಧಪೂಜೆಯ ದಿನ ಏನು ಮಾಡಿದೆ ಕೇಳಿ. ಕಾರಿಗೆ ಬರೀ ನೀರು ಹಾಕಿ ಹೂ ಮುಡಿಸಿದರೆ ನನಗೆ ಸಮಾಧಾನವಿಲ್ಲ. ಬಾನೆಟ್ ತೆಗೆದೆ. ಬ್ಯಾಟರಿಯ ವೈರು ಬಿಚ್ಚಿ, ತುದಿಗಳನ್ನು ಉಜ್ಜಿ ಫಳಫಳ ಮಾಡಿ, ಅರಿಶಿನ ಕುಂಕುಮ ಹಚ್ಚಿದೆ. ಆಯುಧಗಳಿಗೆ ಅವತ್ತು ವಿಶ್ರಾಂತಿ ತಾನೇ, ವೈರನ್ನು ಬಿಚ್ಚಿಯೇ ಇಟ್ಟೆ. ಮಾರನೆಯ ದಿನ ಜೋಡಿಸಿ, ಚಕ್ರದಡಿ ನಿಂಬೆಹಣ್ಣು ಹಿಸುಕಿಸಿ, ನೇರ ಪರೀಕ್ಷೆಗೆ ಹೋದೆವು. ವೈರು ಸಿಕ್ಕಿಸಿದವನು ಪರದೆ ನೋಡಿ "ನಾಟ್ ರೆಡಿ" ಅಂದ. ಕರೆಂಟು ಹೋದ ಕಂಪ್ಯೂಟರು ತನ್ನ ಹೊಗೆಯ ವಿಷಯವನ್ನೆಲ್ಲ ಮರೆತು ಕೂತಿತ್ತು.

"ಮೆಮೊರಿ ಚಿಪ್ ಟೆಸ್ಟ್ ಮಾಡೂ ನೌಕರಿ ಅಲ್ಲೇನ್ರಿ ನಿಮ್ಮದು?" ಅಂತ ಸುನಂದಾ ಮೆಲ್ಲಗೆ ಕೇಳಿದಳು. ಹೌದು, ಅದೇ ನನ್ನ ಹೊಟ್ಟೆಪಾಡು. ನಾಟ್ ರೆಡಿ ಅಂದರೆ ಫೇಲ್ ಅಲ್ಲ ಅಂತ ವಾದ ಹೂಡಿದೆ. ತಿಂಗಳು ಮುಗಿಯುವುದರೊಳಗೆ ಪಾಸಾಗದಿದ್ದರೆ ಮಾರಾಟವೇ ಅಂತ ಅವಳ ತೀರ್ಪು ಬಂತು.

ಕಂಪ್ಯೂಟರಿಗೆ ನೆನಪು ಮರಳಬೇಕಾದರೆ ಕಾರು ಹೈವೇ ಮೇಲೆ ಒಂದೇ ವೇಗದಲ್ಲಿ ಬಹಳ ಹೊತ್ತು ಓಡಬೇಕು. ನಮ್ಮದೋ ಬರೀ ದಿನಸಿ ಅಂಗಡಿ, ದೇವಸ್ಥಾನ, ಮನೆ. ಡಬ್ಬಿ ಕಾಯುವುದರೊಳಗೆ ಗ್ಯಾರೇಜು ಬಂದಿರುತ್ತದೆ. ಹ್ಯೂಸ್ಟನ್ ದಾರಿಯಲ್ಲಿ ಸಿಗ್ನಲ್ ಕಾಟ ಅಂತ ಮೂರು ಗಂಟೆ ಹಾದಿಯ ಡಲ್ಲಾಸ್ ಗೊತ್ತುಮಾಡಿದೆವು. ಶನಿವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅವಲಕ್ಕಿ ಇಟ್ಟುಕೊಂಡು ಹೊರಟೆವು.

ಮನೆಯಲ್ಲಿ ಈಚೆಗೆ ನಮ್ಮ ಮಾತೆಲ್ಲ ಹಾಲು ತಂದ್ರಾ, ಮೀಟಿಂಗ್ ಮುಗೀತಾ ಅನ್ನುವಷ್ಟೇ. ಪಕ್ಕದೂರು ಜಾರ್ಜ್‌ಟೌನ್ ದಾಟಿದ ಮೇಲೆ ಅವಳೇ ಮಾತು ಶುರುಮಾಡಿದಳು. ತಂಗಿಯ ವಿಷಯ, ಆಫೀಸಿನ ವಿಷಯ, ಹೀಗೇ. ನಡುವೆ ಹೈವೇ ಇಳಿಯುವ ಒಂದು ಎಕ್ಸಿಟ್‌ನಲ್ಲಿ ಬ್ರೇಕು ಮುಟ್ಟದೆ ಕಾರನ್ನು ತಾನಾಗಿ ನಿಧಾನವಾಗಲು ಬಿಟ್ಟೆ, ಕಂಪ್ಯೂಟರಿಗೆ ನೆನಪು ಮರಳಿಸುವ ವಿಧಿಯಲ್ಲಿ ಅದೂ ಸೇರಿದೆ. ಹಿಂದಿನ ಟ್ರಕ್ಕಿನವನು ಹಾರ್ನ್ ಬಾರಿಸಿದ. ಸುನಂದಾ ತಿರುಗಿ ಅವನಿಗೆ ಕೈಮುಗಿದಳು, ನನಗೆ ನಗು ತಡೆಯಲಾಗಲಿಲ್ಲ. ತಿರುಗಿದವಳ ಕಣ್ಣು ಮಗಳು ಕೂರುತ್ತಿದ್ದ ಹಿಂದಿನ ಸೀಟಿನ ಮೇಲೆ ನಿಂತಿತು.

"ಖರೇ ಹೇಳ್ಲೇನ್ರಿ? ಹೊಗಿ ಅಲ್ಲ. ಆ ಸೀಟು ಖಾಲಿ ಕಂಡರ ನನಗ ಭಾಳ ಸಂಕಟ ಆಗ್ತದ. ಅದಕ್ಕ ಮಾರೂಣು ಅಂದೆ."

ಅದೇ ಖಾಲಿ ಸೀಟಿಗಾಗಿಯೇ ನಾನು ಮಾರುವುದು ಬೇಡ ಅಂದದ್ದು. ಅದನ್ನು ಹೇಳಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಡಲ್ಲಾಸಿನಲ್ಲಿ ದೋಸೆ ತಿಂದು ವಾಪಸು ಬರುವಾಗ ಮಗಳಿಗೆ ಫೋನ್ ಮಾಡಿದರೆ, "ಯೂ ಡ್ರೋವ್ ಟು ಡಲ್ಲಾಸ್ ಫಾರ್ ದೋಸೆ?" ಅಂತ ಅವಳಿಗೆ ಗಾಬರಿ.

ಸೋಮವಾರ ಮತ್ತೆ ವೈರು ಸಿಕ್ಕಿಸಿದರು. ಕಾರು ಎಲ್ಲ ಪ್ರಶ್ನೆಗೂ ಹೂಂ ಅಂದಿತು, ಪಾಸಾಯಿತು. ಗೆದ್ದವನು ಉದಾರಿಯಾಗಿರಬೇಕಲ್ಲ, ಮನೆಗೆ ಬರುವಾಗ ಹೇಳಿದೆ: "ನಿನಗೆ ಸಂಕಟ ಆಗುತ್ತೆ ಅಂದ್ರೆ ಮಾರಿಬಿಡೋಣ ಕಣೆ."

"ಇರಲಿ ಬಿಡ್ರಿ" ಅಂದಳು ಸುನಂದಾ, ಕಿಟಕಿಯಾಚೆ ನೋಡುತ್ತ. "ಮುಂದಿನ ವರ್ಷ ಬ್ಯಾಟರಿ ನಾನ ಬಿಚ್ಚತೀನಿ."