ದೋಣಿಯಲ್ಲಿ ಮುಂದೆ ಕೂತ ಸಾಯಬಣ್ಣ

ಧಾರಾವಿಯಲ್ಲಿ ಹಳೆಯ ಎಣ್ಣೆ ಡಬ್ಬಿಗಳ ವ್ಯಾಪಾರ ಮಾಡುತ್ತಿದ್ದ ಸಾಯಬಣ್ಣನಿಗೆ ಹೆಂಡತಿ ಇಂದ್ರಾಬಾಯಿ ಎಪ್ಪತ್ಮೂರರ ಯುಗಾದಿಯ ದಿನ ತನ್ನ ತೀರ್ಮಾನ ತಿಳಿಸಿದಳು. ಈ ಮಳೆಗಾಲದಲ್ಲೂ ಮನೆಯೊಳಗೆ ನೀರು ನುಗ್ಗಿ ತಾನು ಮಂಚದ ಮೇಲೆ ನಿಂತು ರಾತ್ರಿ ಕಳೆಯುವಂತಾದರೆ, ಟ್ರಂಕು ಎತ್ತಿಕೊಂಡು ಊರಿಗೆ ಹೋಗುವುದು. ಹೋದ ಮೇಲೆ ತಿರುಗಿ ಬರುವುದಿಲ್ಲ. ಹೋಳಿಗೆ ಬಡಿಸುತ್ತ ಹೇಳಿದ್ದರಿಂದ ಸಾಯಬಣ್ಣ ಮೊದಲು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇನ್ನೊಂದು ಹೋಳಿಗೆ ಬಂತು, ಮೇಲೆ ತುಪ್ಪವೂ ಬಿತ್ತು. ಆಗ ಅವನಿಗೆ ಗಾಬರಿಯಾಯಿತು. ಸಿಟ್ಟಿನಲ್ಲಿ ಆಡಿದ ಮಾತಾದರೆ ಚೌಕಾಸಿ ಮಾಡಬಹುದು. ತುಪ್ಪ ಹಾಕುತ್ತ ಆಡಿದ ಮಾತಿಗೆ ಏನು ಮಾಡುವುದು?

ಬೇರೆ ಯಾರಾದರೂ ಆಗಿದ್ದರೆ ಸಯನ್ ಕಡೆ ಎತ್ತರದಲ್ಲೊಂದು ಬಾಡಿಗೆ ಖೋಲಿ ಹುಡುಕುತ್ತಿದ್ದರು. ಸಾಯಬಣ್ಣನೂ ಯೋಚಿಸಿದ. ಆದರೆ ಅವನ ಡಬ್ಬಿಗಳೂ ಗಿರಾಕಿಗಳೂ ಬೆಸುಗೆ ಹಾಕುವ ಒಲೆಯೂ ಇದ್ದದ್ದು ಧಾರಾವಿಯ ಆ ತಗ್ಗಿನಲ್ಲೇ. ನೀರೆಂಬುದು ವರ್ಷಕ್ಕೊಮ್ಮೆ ಬಂದು ಒಂದೆರಡು ದಿನ ಇದ್ದು ಹೋಗುವ ನೆಂಟ. ನೆಂಟ ಬರುತ್ತಾನೆಂದು ಅಂಗಡಿ ಕಿತ್ತುಕೊಂಡು ಹೋಗುವವನು ಎಂಥ ವ್ಯಾಪಾರಿ? ಹೀಗೆ ಲೆಕ್ಕ ಹಾಕಿದ ಸಾಯಬಣ್ಣ ದೋಣಿ ಕೊಳ್ಳಲು ಹೊರಟ.

"ಮಂಚದ ಮ್ಯಾಲ ನಿಂದ್ರಂಗಿಲ್ಲ ಅಂದಿ, ಹೌದಿಲ್ಲ?" ಎಂದ ಹೆಂಡತಿಗೆ. "ದ್ವಾಣ್ಯಾಗ ಕುಂದ್ರು."

"ನಾ ಖೋಲಿ ನೋಡ್ರಿ ಅಂದಿದ್ದೆ."

"ಖೋಲಿ ತೇಲ್ತದೇನು?"

ಇಂಥ ಗಂಡನನ್ನು ಒಂಟಿಯಾಗಿ ಪೇಟೆಗೆ ಕಳಿಸಬಾರದೆಂದು ಸೆರಗು ಸರಿಮಾಡಿಕೊಂಡು ಇಂದ್ರಾಬಾಯಿಯೂ ಹೊರಟಳು.

ಗ್ರಾಂಟ್ ರೋಡಿನ ಹತ್ತಿರ ಹಳೆಯ ಸಾಮಾನು ಮಾರುತ್ತಿದ್ದ ಅಣವೀರಪ್ಪ ಇವರ ಕಡೆಯವನೇ, ಭೀಮಾ ತೀರದವನು. ಮಳೆಗಾಲದಲ್ಲಿ ಘಟ್ಟದ ಹೊಳೆಗಳಿಗೆ ಹೋಗಿ, ಬಂಡೆಗಳ ನಡುವೆ ನೀರು ನೊರೆಯೆದ್ದು ಧುಮುಕುವ ಕಡೆಯೇ ದೋಣಿ ಬಿಡುವ ಹುಚ್ಚಿನ ಪರದೇಶಿ ಎಂಜಿನಿಯರನೊಬ್ಬ ತನ್ನ ದೇಶಕ್ಕೆ ವಾಪಸಾಗುವಾಗ ಮನೆಯ ಸಾಮಾನೆಲ್ಲ ಮಾರಿದ್ದ. ಅವನ ಫ್ರಿಜ್ಜಿನ ಆಸೆಗೆ ಅಣವೀರಪ್ಪ ಮೂರು ದೋಣಿಗಳನ್ನೂ ಕಟ್ಟಿಕೊಂಡಿದ್ದ. ಫ್ರಿಜ್ಜು ಅದೇ ವಾರ ಹೋಯಿತು. ದೋಣಿಗಳು ವರ್ಷವಾದರೂ ಕದಲದೆ ಅಂಗಡಿಯ ಬಾಗಿಲು ಕಟ್ಟಿ ಮಲಗಿದ್ದವು. ಹಾಗಾಗಿ, ದೋಣಿ ಕೇಳಿಕೊಂಡು ಗಿರಾಕಿ ಬಂದಾಗ ಅವನು ಸ್ವಲ್ಪವೂ ಆಶ್ಚರ್ಯ ತೋರಿಸಲಿಲ್ಲ. ದಿನಾ ನಾಲ್ಕು ಮಾರುವವನಂತೆ ಎದ್ದು ಬಂದ.

"ಇದಕ್ಕ ಕೆನೂ ಅಂತಾರ. ನಮ್ಮ ಹರಗೋಲಿನಂಗ ಗುಂಡಗ ಇರಂಗಿಲ್ಲ, ಉದ್ದ. ಈ ಗಿಡ್ಡಂದು ಒಬ್ಬರಿಗಿ. ತಳ ನೋಡು, ಬಾಳೆಹಣ್ಣಿನಂಗ ಎರಡೂ ಕಡಿ ಮ್ಯಾಲ ಎದ್ದದ. ಸುಳಿಯೊಳಗೂ ಗರ್ರನ ಹೊಳ್ಳತದ."

"ಒಬ್ಬರಿಗಿ ಅಂದ್ರ ಯಾರಿಗಿ?" ಎಂದು ಇಂದ್ರಾಬಾಯಿ ಗಂಡನನ್ನು ಕೇಳಿದಳು. ಸಾಯಬಣ್ಣ ತಕ್ಷಣ ಮುಂದಿನ ದೋಣಿಯತ್ತ ನಡೆದ.

ಅದು ಉದ್ದನೆಯದು, ಇಬ್ಬರಿಗೆ. ತಳ ಸಪಾಟಾಗಿ ನೇರವಾಗಿತ್ತು. "ಸೀದಾ ಹೊಂಟ್ರ ಲೋಕಲ್ ಗಾಡಿ ಹೋದಂಗ," ಎಂದ ಅಣವೀರಪ್ಪ. ಸಾಯಬಣ್ಣ ಮನಸ್ಸಿನಲ್ಲೇ ತನ್ನ ಗಲ್ಲಿ ಅಳೆದ. ಮೊದಲನೆಯ ತಿರುವಿನಲ್ಲೇ ಅದರ ಮೂತಿ ಒಂದು ಮನೆಯೊಳಗೆ, ಬಾಲ ಇನ್ನೊಂದು ಮನೆಯೊಳಗೆ ಹೋಗುತ್ತಿತ್ತು.

ಮೂರನೆಯದು ಎರಡರ ನಡುವಿನದು. ಎರಡು ತುದಿಗೂ ಒಂದೊಂದು ಸೀಟು, ಒಬ್ಬರೇ ಹೋಗುವಾಗ ಮೊಣಕಾಲೂರಿ ಕೂರಲು ನಟ್ಟನಡುವೆ ಒಂದು ಪಟ್ಟಿ. ಹಾಲು ಹಾಕಲೂ ಎಣ್ಣೆ ಹಾಕಲೂ ಬರುವ ಡಬ್ಬಿಯ ಬೆಲೆ ಸಾಯಬಣ್ಣನಿಗೆ ಗೊತ್ತು. "ಇದು ನಡೀತದ," ಎಂದು ಬೆರಳ ಗಂಟಿನಿಂದ ಟಕ್ ಟಕ್ ಬಡಿದು ಕಿವಿಗೊಟ್ಟ. ಆಮೇಲೆ, "ನೀರು ತರಸ್ರಿ, ಕಾಕಾ," ಎಂದ.

"ನೀರ್ಯಾಕ?"

"ತುಂಬಿಸಿ ನೋಡಬೇಕಲ್ಲ."

"ಸಾಯಬಣ್ಣ, ಇದು ನೀರಿನ ಮ್ಯಾಲ ಇಡೂದು. ಇದರಾಗ ನೀರು ಇಡಂಗಿಲ್ಲ."

"ಒಳಗಿನ ನೀರು ಹೊರಗ ಬರಲಿಲ್ಲಂದ್ರ ಹೊರಗಿನ ನೀರು ಒಳಗ ಹ್ಯಾಂಗ ಬರ್ತದ?"

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆಯೆಂದು ಅಣವೀರಪ್ಪನಿಗೆ ಸಿಗಲಿಲ್ಲ. ಫುಟ್‌ಪಾತಿನಲ್ಲಿ ದೋಣಿ ಇಟ್ಟು, ನಲ್ಲಿಯಿಂದ ಬಕೀಟು ಬಕೀಟು ನೀರು ಹೊತ್ತು ತುಂಬಿಸಿದರು. ಒಂದು ಹನಿಯೂ ಸೋರಲಿಲ್ಲ. ಆದರೆ ನೀರು ತುಂಬಿದ ದೋಣಿಯನ್ನು ಎತ್ತಿ ಬಗ್ಗಿಸುವುದು ಯಾರಿಂದಲೂ ಆಗದೆ, ತಂಬಿಗೆಯಿಂದ ಮೊಗೆದು ಚೆಲ್ಲುವಷ್ಟರಲ್ಲಿ ಅರ್ಧ ಬಜಾರು ಸುತ್ತ ನೆರೆದಿತ್ತು.

ಕೂತು ನೋಡುವ ಹೊತ್ತಿಗೆ ನಿಜವಾದ ತೊಡಕು ಬಂತು. ಊರಿನ ಹರಗೋಲು ಗುಂಡಗಿನದು. ಅದಕ್ಕೆ ಹಿಂದು ಮುಂದು ಇಲ್ಲದ್ದರಿಂದ ಗಂಡ ಹೆಂಡಿರು ಎಲ್ಲಿ ಕೂತರೂ ನಡೆಯುತ್ತಿತ್ತು. ಈ ದೋಣಿಗೆ ಮುಂದೊಂದು, ಹಿಂದೊಂದು ಸೀಟು.

"ಹಿಂದ ಕುಂತವರ ಕೈಯಾಗ ದಿಕ್ಕ ಇರ್ತದ. ಅವರು ಹೊಳ್ಳಸಿದ ಕಡಿಗಿ ದ್ವಾಣಿ," ಎಂದ ಅಣವೀರಪ್ಪ, ನಾಳೆ ತಕರಾರು ಬರಬಾರದೆಂದು, ಆದಷ್ಟು ಮೆಲ್ಲಗೆ.

"ಅಂದ್ರ ನಾ ಹಿಂದ, ಇಕಿ ಮುಂದ? ನಮ್ಮ ಮಂದಿ ನೋಡಿದ್ರ ಏನಂದಾರು? ಲಗ್ನ ಆದಾಗಿಂದ ಇಕಿ ನನ್ನ ಮುಂದ ಒಂದ ಹೆಜ್ಜಿ ಇಟ್ಟಾಕಿ ಅಲ್ಲ."

ಸಾಯಬಣ್ಣ ಸ್ವಲ್ಪ ಯೋಚಿಸಿದ. ಹಿಂದಿನ ಸೀಟಿಗೆ ಹೋಗಿ, ಹೆಂಡತಿಗೆ ಬೆನ್ನು ತಿರುಗಿಸಿ ಹೊರಮುಖವಾಗಿ ಕೂತ. ಈಗ ಅವನ ಎದುರಿಗಿದ್ದದ್ದೇ ಮುಂದು. ಇಂದ್ರಾಬಾಯಿ ಆ ತುದಿಯಲ್ಲಿ ಆ ಕಡೆ ಮುಖ, ಇವನು ಈ ತುದಿಯಲ್ಲಿ ಈ ಕಡೆ ಮುಖ. ಇಬ್ಬರೂ ಗಾಳಿಯಲ್ಲಿ ಹುಟ್ಟು ಹಾಕಿದರು.

"ಹಿಂಗ ಮಾಡಿದ್ರ ದ್ವಾಣಿ ಎಲ್ಲಿಗೂ ಹೋಗಂಗಿಲ್ಲ," ಎಂದ ಅಣವೀರಪ್ಪ.

"ಮನ್ಯಾಗೂ ಹಿಂಗ ಅದರೀ, ಕಾಕಾ," ಎಂದಳು ಇಂದ್ರಾಬಾಯಿ.

ಕೊನೆಗೆ ಸಾಯಬಣ್ಣ ಮುಂದೆಯೇ ಕೂತ. ಅವಳು ಹಿಂದೆ. ಫುಟ್‌ಪಾತಿನ ಮೇಲೆ ಇಬ್ಬರೂ ಮೊಣಕಾಲೂರಿ ಕೂತದ್ದನ್ನು ಕಂಡು ದಾರಿಹೋಕನೊಬ್ಬ ಯಾವುದೋ ಹರಕೆಯೆಂದು ಕೈಮುಗಿದು ಹೋದ. ಬೆಲೆ ಕುದುರಿ, ಕೈಗಾಡಿಯ ಮೇಲೆ ದೋಣಿ ಧಾರಾವಿಗೆ ಬಂತು.

ಮೃಗಶಿರಾ ಮಳೆ ಒಂದಿಷ್ಟು ಹೆದರಿಸಿ ಬಿಟ್ಟಿತು. ಆರಿದ್ರಾ ಮಳೆ ಬಿಡಲಿಲ್ಲ. ಒಂದು ಮುಂಜಾನೆ ಹತ್ತಿರದ ಕೊಳಚೆ ನಾಲೆ ಉಕ್ಕಿ ಗಲ್ಲಿಗೆ ಬಂದು, ಹೊಸ್ತಿಲು ದಾಟಿ ಮಂಚದ ಕಾಲು ಹಿಡಿಯಿತು. ಇಂದ್ರಾಬಾಯಿಯ ಟ್ರಂಕು ತಯಾರಿತ್ತು. ಸಾಯಬಣ್ಣ ಏನೂ ಆಗದವನಂತೆ ದೋಣಿಯ ಹಗ್ಗ ಬಿಚ್ಚಿ, "ಹತ್ತು. ಒಣಾ ಸೀರಿಲೆ ಸಯನ್ ಮುಟ್ಟಸ್ತೀನಿ. ಅಲ್ಲಿ ಮುಟ್ಟಿದ ಮ್ಯಾಲ ಊರಿಗಿ ಹೋಗೂದೋ ಬಿಡೂದೋ ಹೇಳು," ಎಂದ.

ಗಲ್ಲಿಯ ತಿರುವು ಬಂದಾಗ, "ಎಡಕ್ಕ!" ಎಂದು ಸಾಯಬಣ್ಣ ಮೈಮುರಿದು ಹುಟ್ಟು ಹಾಕಿದ. ದೋಣಿ ಸಲೀಸಾಗಿ ಎಡಕ್ಕೆ ಹೊರಳಿತು. "ನೋಡಿದೇನು?" ಎಂದ, ತಿರುಗಿ ನೋಡದೆ. ಹಿಂದೆ ಇಂದ್ರಾಬಾಯಿ ತನ್ನ ಮುಂಗೈಯನ್ನೇ ನೋಡುತ್ತಿದ್ದಳು. ರೊಟ್ಟಿ ಮಗುಚುವಾಗ ಹೊರಳಿಸುವಷ್ಟು ಹೊರಳಿಸಿದರೆ ಇಡೀ ದೋಣಿ, ಗಂಡನ ಸಮೇತ, ಹೊರಳುತ್ತಿತ್ತು. ಇನ್ನೊಮ್ಮೆ ಹೊರಳಿಸಿದಳು. ಹೌದು.

ಕಟ್ಟೆಯ ಮೇಲೆ ನಿಂತಿದ್ದ ಸುಂದ್ರವ್ವ ಸಯನ್‌ನ ಬಿಲ್ಡಿಂಗುಗಳಲ್ಲಿ ಪಾತ್ರೆ ತೊಳೆಯುವವಳು. ಕೆಲಸಕ್ಕೆ ಹೋಗುವುದು ಹೇಗೆಂದು ಅವಳು ಹಲುಬುತ್ತಿದ್ದಳು. ದೋಣಿ ಅವಳ ಕಾಲ ಬಳಿಯೇ ಹೋಗಿ ನಿಂತಿತು. ಅಲ್ಲಿ ನಿಲ್ಲಿಸುವ ವಿಚಾರ ತನಗೆ ಯಾವಾಗ ಬಂತೆಂದು ಸಾಯಬಣ್ಣನಿಗೆ ನೆನಪಾಗಲಿಲ್ಲ. ಆದರೂ, "ಹತ್ತು ತಂಗಿ, ನಿನ್ನ ಸಲುವಾಗೇ ಬಂದೀನಿ," ಎಂದ.

ಗಲ್ಲಿ ನಾಲೆಗೆ ಕೂಡುವಲ್ಲಿ ನೀರು ಮುರಿದ ಡ್ರಮ್ಮುಗಳ ಮೇಲೆ, ಕಲ್ಲಿನ ಚಪ್ಪಡಿಗಳ ಮೇಲೆ ನೊರೆ ಕಾರುತ್ತ ಧುಮುಕುತ್ತಿತ್ತು. ಇಂಥ ನೀರಿಗೆಂದೇ ಹುಟ್ಟಿದ ದೋಣಿ ಅಲ್ಲಿ ಮೂತಿಯೆತ್ತಿ ಕುಣಿಯಿತು. ಸಾಯಬಣ್ಣ ಕಣ್ಣು ಮುಚ್ಚಿ ಮನೆದೇವರನ್ನು ಕರೆದ. ಇಂದ್ರಾಬಾಯಿ ಹಲ್ಲು ಕಚ್ಚಿ ಹುಟ್ಟನ್ನು ಓರೆಯಾಗಿ ಒತ್ತಿ ಹಿಡಿದಳು. ದೋಣಿ ಎರಡು ಡ್ರಮ್ಮುಗಳ ನಡುವೆ ನುಸುಳಿ ಸಮನೀರಿಗೆ ಬಂತು.

"ಹೆದರಬ್ಯಾಡ್ರಿ, ನಾ ಅದೀನಿ," ಎಂದ ಸಾಯಬಣ್ಣ, ಕಣ್ಣು ತೆರೆದು.

ಸಯನ್‌ನಲ್ಲಿ ಇಳಿಯುತ್ತ ಸುಂದ್ರವ್ವ, "ಊರಿಗಿ ಹೊಂಟೀಯಂತಲ್ಲ, ಅಕ್ಕಾ?" ಎಂದಳು.

"ಹೊಂಟಿದ್ದೆ. ಈಗ ಪುರಸೊತ್ತ ಎಲ್ಲದ? ನಿನ್ನ ವಾಪಸ್ ಯಾರು ಕರಕೊಂಡು ಬರ್ತಾರ?"

ಮರುದಿನವೂ ನೀರು ಇಳಿಯಲಿಲ್ಲ. ಗಲ್ಲಿಯ ಕೆಲಸದ ಹೆಂಗಸರೆಲ್ಲ ಬಾಗಿಲಿಗೆ ಬಂದು, "ಇಂದ್ರಕ್ಕಾ" ಎಂದು ಕೂಗಿದರು. ಸಾಯಬಣ್ಣನೂ ಹತ್ತಿದರೆ ಒಬ್ಬಳ ಜಾಗ ಹೋಗುತ್ತಿತ್ತು. ಅವಳು ಸೆರಗು ಸಿಕ್ಕಿಸಿ ನಡುವಿನ ಪಟ್ಟಿಯ ಬಳಿ ಮೊಣಕಾಲೂರಿ ಒಬ್ಬಳೇ ಹುಟ್ಟು ಹಾಕುತ್ತ ಹೋದಳು, ಬಂದಳು, ಮತ್ತೆ ಹೋದಳು. ಸಾಯಬಣ್ಣ ಮಂಚದ ಮೇಲೆ ನಿಂತಿದ್ದ. ತೇಲುವ ಡಬ್ಬಿಗಳನ್ನು ಕಾಲಿನಿಂದ ತಡೆಯುತ್ತ, ಸಂಜೆಯವರೆಗೂ ನಿಂತಿದ್ದ.

ಅವಳು ಬಂದದ್ದೇ, "ನಾ ಊರಿಗಿ ಹೋಗ್ತೀನಿ," ಎಂದ.

"ಹೌದೇನ್ರಿ? ಟ್ರಂಕ್ ತಯಾರ ಅದ. ನನ್ನ ಸೀರಿ ತಗೀತೀನಿ, ತಡೀರಿ. ಸ್ಟೇಷನ್ ತನಕ ಬಿಡ್ತೀನಿ. ಮುಂದ ಕುಂದರ್ರಿ."

ಅವನು ತನ್ನ ಎರಡು ಧೋತರ ಟ್ರಂಕಿಗೆ ಹಾಕಿ ಮುಂದೆ ಕೂತ. ಸಿಟ್ಟಿನಲ್ಲಿ ಎಂದೂ ಹಾಕದಷ್ಟು ಜೋರಾಗಿ ಹುಟ್ಟು ಹಾಕಿದ. ತಿರುವು ಬಂತು, ಹೋಯಿತು. ಇನ್ನೊಂದು ಬಂತು. ಕಟ್ಟೆಯ ಮೇಲೆ ನಿಂತ ಸುಂದ್ರವ್ವ ಒಮ್ಮೆ ಎಡಗಡೆ ಕಂಡಳು, ಸ್ವಲ್ಪ ಹೊತ್ತಿಗೆ ಬಲಗಡೆ ಮತ್ತೊಮ್ಮೆ ಕಂಡಳು. ಸಾಯಬಣ್ಣ ತಿರುಗಿ ನೋಡಲಿಲ್ಲ, ಕೇಳಲೂ ಇಲ್ಲ. ಬೆವರು ಒರೆಸಿಕೊಳ್ಳುವ ಹೊತ್ತಿಗೆ ದೋಣಿಯ ಮೂತಿ ತನ್ನದೇ ಮನೆಯ ಹೊಸ್ತಿಲಿಗೆ ತಾಗಿತ್ತು.

ಪಕ್ಕದ ಮನೆಯ ಚಂದ್ರಾಮ ಬಾಗಿಲಿಗೆ ಬಂದು, "ಯಾಕ ಸಾಯಬಣ್ಣ, ಹೋಗಲಿಲ್ಲೇನು?" ಎಂದ.

"ಗಾಡಿ ಎಲ್ಲಾ ಬಂದ್ ಅವ," ಎಂದ ಸಾಯಬಣ್ಣ, ಟ್ರಂಕು ಕೆಳಗಿಳಿಸುತ್ತ. "ಅದಕ್ಕ ಹೊಳ್ಳಸಕೊಂಡು ಬಂದೆ."

"ಛಲೋ ಮಾಡಿದ್ರಿ," ಎಂದಳು ಇಂದ್ರಾಬಾಯಿ. ದೋಣಿಯ ಹಗ್ಗವನ್ನು ಮಂಚದ ಕಾಲಿಗೆ ಕಟ್ಟಿ, ಮಂಚದ ಮೇಲೆಯೇ ಸ್ಟವ್ ಹಚ್ಚಿದಳು.